ರಫ್ ಹಾಳೆಯೊಳಗಿನ ನಾಗಣಸೂರ

ಅಪ್ಲೈಡ್ ಆರ್ಟ್ ಓದುವ ಮಕ್ಕಳ ಮನೆಯಲ್ಲಿ ಸಬ್‌ಮಿಷನ್ ಹತ್ತಿರ ಬಂತೆಂದರೆ ಎಲ್ಲರ ಕಣ್ಣೂ ಗೋಡೆಗೆ ಆನಿಸಿಟ್ಟ ಬೋರ್ಡಿನ ಮೇಲೆ. ಬಂದವರು ಹೋದವರು ಅದನ್ನೇ ನೋಡುತ್ತಾರೆ, ‘ಭಾಳ ಛಂದ ಮಾಡ್ಯಾಳ’ ಎಂದು ಹೊಗಳಿ ಚಹಾ ಕುಡಿದು ಹೋಗುತ್ತಾರೆ. ಆ ಬೋರ್ಡಿಗೂ ಮೊದಲು ಗೀಚಿದ, ಅಳಿಸಿದ, ಮೇಲೆ ಗೇಟ್‌ವೇ ಟ್ರೇಸಿಂಗ್ ಹಾಳೆ ಹಾಸಿ ಮತ್ತೆ ಗೀಚಿದ ಕಾಗದಗಳು ಮಂಚದ ಕೆಳಗೆ ರಟ್ಟಿನ ಫೈಲಿನಲ್ಲಿ ಬಿದ್ದಿರುತ್ತವೆ. ಅದನ್ನು ಬಿಚ್ಚಿ ನೋಡುವವರು ಕಡಿಮೆ. ಹುಡುಗಿ ಎಲ್ಲಿ ತಡವರಿಸಿದಳು, ಏನನ್ನು ಬಿಟ್ಟಳು, ಯಾವ ಗಳಿಗೆಯಲ್ಲಿ ದಾರಿ ಹೊಳೆಯಿತು ಎಂಬುದೆಲ್ಲ ಉಳಿದಿರುವುದು ಆ ಫೈಲಿನಲ್ಲಿ. ಅಂಥ ಒಂದು ಫೈಲನ್ನು ಬಿಚ್ಚಿ ಕೂತು ನೋಡುವ ಅವಕಾಶ ನನಗೆ ಸಿಕ್ಕಿತು. ಅದು ನಮ್ಮಣ್ಣನ ಮಗಳದ್ದು.

ನಮ್ಮ ಊರು ನಾಗಣಸೂರ, ಅಕ್ಕಲಕೋಟ ತಾಲ್ಲೂಕಿನದು. ಸೋಲಾಪುರದಿಂದ ವಾಡಿ ಕಡೆಗೆ ಹೋಗುವ ರೈಲು ಅಕ್ಕಲಕೋಟ ರೋಡ್ ದಾಟಿದ ಮೇಲೆ ನಮ್ಮ ನಿಲ್ದಾಣ. ಆಡಳಿತ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಈ ಭಾಗದ ಕನ್ನಡ ಶಾಲೆಯ ಮಕ್ಕಳು ಓದುವ ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಶುರುವಾದ ಈ ಸಂಸ್ಥೆ ಮರಾಠಿ, ಹಿಂದಿ, ಉರ್ದು, ಗುಜರಾತಿಗಳ ಜತೆಗೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಚಿತ್ರದಲ್ಲಿ ಕೈ ಓಡುವ ಮಕ್ಕಳು ರಾಜ್ಯ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುತ್ತಾರೆ. ವಸ್ತುಚಿತ್ರ, ನೆನಪಿನ ಚಿತ್ರ, ಡಿಸೈನ್, ಜೊತೆಗೆ ಜ್ಯಾಮಿತಿ ಮತ್ತು ಅಕ್ಷರ ಬರವಣಿಗೆ ಆ ಪರೀಕ್ಷೆಯ ವಿಷಯಗಳು. ನಮ್ಮ ಹುಡುಗಿ ಅದರಲ್ಲಿ ಒಳ್ಳೆಯ ಗ್ರೇಡ್ ತಗೊಂಡು, ಈಗ ಸೋಲಾಪುರದ ಒಂದು ಕಲಾ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಕಲಿಯುತ್ತಿದ್ದಾಳೆ.

ಆ ಸೆಮಿಸ್ಟರಿನ ಅಸೈನ್‌ಮೆಂಟ್ ಹೇಳುವುದಕ್ಕೆ ಸರಳ. ನಿಮ್ಮ ಊರಿನ ಹೆಸರನ್ನು ಅಕ್ಷರವಿನ್ಯಾಸ ಮಾಡಿ, ಅದನ್ನು ಸೋಲಾಪುರ ಜಿಲ್ಲೆಯಲ್ಲಿ ತಯಾರಾಗುವ ಒಂದು ವಸ್ತುವಿನ ಮೇಲೆ ತನ್ನಿ. ಮೊದಲು ಸಣ್ಣ ಸಣ್ಣ ಥಂಬ್‌ನೇಲ್, ಅದರಲ್ಲಿ ಆರಿಸಿದ್ದಕ್ಕೆ ರಫ್, ಆಮೇಲೆ ಅಳತೆ ಹಿಡಿದು ಕಾಂಪ್ರಹೆನ್ಸಿವ್, ಕೊನೆಗೆ ಜ್ಯೂರಿ. ಫೈಲಿನ ಮೊದಲ ಹಾಳೆಗಳನ್ನು ನೋಡಿದರೆ ಅವು ಎಲ್ಲಿಂದ ಬಂದವು ಎಂಬುದು ಹೇಳದೆಯೇ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಊರಿನ ಹೆಸರು, ಹೆಲ್ವೆಟಿಕಾದಂಥ ಸಪಾಟು ಅಕ್ಷರ, ಪಕ್ಕಕ್ಕೊಂದು ಗೋಪುರ, ಒಂದರಲ್ಲಿ ಎತ್ತಿನ ತಲೆ. ಮೊಬೈಲಿನಲ್ಲಿ ಕಂಡದ್ದನ್ನು ಚೊಕ್ಕಟವಾಗಿ ಇಳಿಸಿದ್ದಾಳೆ. ತಪ್ಪಿಲ್ಲ, ಆದರೆ ಜೀವವಿಲ್ಲ.

ಒಂದು ಹಾಳೆಯ ಮೂಲೆಯಲ್ಲಿ ಮಾತ್ರ ತನಗಾಗಿ ಗೀಚಿಕೊಂಡ ಟಿಪ್ಪಣಿ ಕನ್ನಡದಲ್ಲಿದೆ: ‘ಚಾದರದವರಿಗೆ ಕೇಳಬೇಕು’. ತಿದ್ದಲು ಹಾಳೆ ಕೈಗೆತ್ತಿಕೊಂಡ ಸರ್ ಮರಾಠಿಯವರು, ಅವರಿಗೆ ಕನ್ನಡ ಓದಲು ಬಾರದು. ಅವರು ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಆ ಟಿಪ್ಪಣಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, ನಿನ್ನ ಕೈ ಇಲ್ಲಿ ಸಲೀಸಾಗಿ ತಿರುಗಿದೆ, ಈ ಲಿಪಿಯಲ್ಲಿ ಯಾಕೆ ಮಾಡಲಿಲ್ಲ ಎಂದು ಕೇಳಿದರಂತೆ. ‘ಕನ್ನಡದಾಗ ಮಾಡಿದ್ರ ಮಾರ್ಕ್ಸ್ ಯಾರು ಕೊಡ್ತಾರ ಅಂತ ಅಂಜಿದ್ದೆ ಕಾಕಾ’ ಎಂದಳು ನನ್ನ ಮುಂದೆ.

ಈ ಅಂಜಿಕೆಯನ್ನು ನಾನು ಗಡಿಯ ಮಕ್ಕಳಲ್ಲಿ ಬಹಳ ಕಂಡಿದ್ದೇನೆ. ಮನೆಯ ಭಾಷೆ, ಮನೆಯ ಕಸುಬು, ಅವ್ವನ ಸೀರೆ, ಓಣಿಯ ಗೋಡೆಬರಹ ಇವೆಲ್ಲ ಕಾಲೇಜಿನ ಗೇಟಿನ ಹೊರಗೇ ಇರಬೇಕಾದವು ಎಂದು ಯಾರೂ ಹೇಳದೆಯೇ ಅವರು ನಂಬಿಬಿಡುತ್ತಾರೆ. ತರಗತಿಯಲ್ಲಿ ತೋರಿಸುವ ಮಾದರಿಗಳು ಜರ್ಮನಿಯ ಬೌಹೌಸ್‌ನವು, ಸ್ವಿಟ್ಜರ್ಲೆಂಡಿನ ಪೋಸ್ಟರುಗಳು. ಅವು ಕಲಿಯಲೇಬೇಕಾದವು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪೋಸ್ಟರು ಮಾಡಿದವರು ತಮ್ಮ ಬೀದಿಯ ಅಕ್ಷರ, ತಮ್ಮ ಕಾಲದ ಯಂತ್ರ ನೋಡಿಯೇ ಮಾಡಿದರು ಎಂಬುದನ್ನೂ ಜತೆಗೇ ಹೇಳಿಕೊಡಬೇಕು.

ವಿದ್ಯಾರ್ಥಿಯಾಗಿದ್ದಾಗಲೇ ದೇಶಕ್ಕೆಲ್ಲ ಬೇಕಾದ ಕೆಲಸ ಮಾಡಿದವರೊಬ್ಬರು ನಮ್ಮ ಕಾಲದಲ್ಲೇ ಇದ್ದಾರೆ. ರೂಪಾಯಿಗೆ ಒಂದು ಚಿಹ್ನೆ ಬೇಕೆಂದು ಕೇಂದ್ರ ಸರ್ಕಾರ 2009ರಲ್ಲಿ ಸ್ಪರ್ಧೆ ಕರೆದಾಗ ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದವು. 2010ರ ಜುಲೈ 15ರಂದು ಸಂಪುಟ ಒಪ್ಪಿದ್ದು ಡಿ. ಉದಯಕುಮಾರ್ ಅವರ ವಿನ್ಯಾಸವನ್ನು. ಆಗ ಅವರು ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಲ್ಲಿ ಪಿಎಚ್‌.ಡಿ ಮಾಡುತ್ತಿದ್ದರು. ಅವರ ಸಂಶೋಧನೆ ತಮಿಳು ಅಕ್ಷರಗಳ ಮೇಲೆ, ಚಿಹ್ನೆ ಮಾಡಿದ್ದು ದೇವನಾಗರಿ ‘ರ’ದಿಂದ. ರೋಮನ್ ಲಿಪಿಯ ಆರ್ ಅಕ್ಷರದ ನೆಟ್ಟಗಿನ ಕಡ್ಡಿಯನ್ನು ತೆಗೆದರೆ ಅದೂ ಈ ‘ರ’ದ ಹತ್ತಿರ ಬರುತ್ತದೆ, ಮೇಲಿನ ಶಿರೋರೇಖೆ ಮತ್ತು ಅದರ ಕೆಳಗಿನ ಇನ್ನೊಂದು ಗೆರೆ ಸೇರಿ ಸಮಚಿಹ್ನೆಯೂ ಆಗುತ್ತದೆ, ಧ್ವಜದ ನೆನಪೂ ತರುತ್ತದೆ. ಒಂದು ಲಿಪಿಯ ಮೂಳೆ ಮಾಂಸ ತಿಳಿದವನಿಗೆ ಇನ್ನೊಂದು ಲಿಪಿಯ ಮೂಳೆಯೂ ಕಾಣುತ್ತದೆ. ನಮ್ಮ ಮಕ್ಕಳಿಗೆ ಎರಡು ಲಿಪಿ ಹುಟ್ಟಿನಿಂದಲೇ ದಕ್ಕಿವೆ.

ಇನ್ನೊಂದು ಹೆಸರು ಆರ್.ಕೆ. ಜೋಶಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, ಆಮೇಲೆ ಐಐಟಿ ಬಾಂಬೆಯಲ್ಲಿ ಅಕ್ಷರವಿನ್ಯಾಸ ಕಲಿಸಿದವರು. 2008ರಲ್ಲಿ ತೀರಿಕೊಂಡರು. ವಿಂಡೋಸ್ ಕಂಪ್ಯೂಟರಿನಲ್ಲಿ ಬಂದ ಮಂಗಲ್ ಎಂಬ ದೇವನಾಗರಿ ಫಾಂಟು ಅವರ ಮಾರ್ಗದರ್ಶನದಲ್ಲಿ ತಯಾರಾದದ್ದು, ತುಂಗಾ ಎಂಬ ಕನ್ನಡ ಫಾಂಟೂ ಹಾಗೆಯೇ. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಕರ್ನಾಟಕದ ಕಚೇರಿ, ಸೈಬರ್ ಸೆಂಟರುಗಳಲ್ಲಿ ಪರದೆಯ ಮೇಲೆ ಕಾಣುತ್ತಿದ್ದ ತುಂಗಾ ಅಕ್ಷರಗಳು ಮುಂಬಯಿಯಲ್ಲಿ ಕೂತ ಒಂದು ತಂಡದ ಕೈಯಿಂದ ಬಂದವು ಎಂದು ಹೇಳಿದಾಗ ಹುಡುಗಿ ನಂಬಲಿಲ್ಲ, ಆಮೇಲೆ ತಾನೇ ಹುಡುಕಿ ಓದಿಕೊಂಡಳು. ನಮ್ಮ ಊರ ಮುಂದೆ ಹಾದುಹೋಗುವ ಇದೇ ರೈಲುಹಾದಿಯ ಆ ತುದಿಯ ಕಲಬುರ್ಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಈ ತುದಿಯ ಮುಂಬಯಿಗೆ ಬಂದು ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಲ್ಲಿ ಹೆಸರಾದರು. ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದರು. ಈ ಕಡೆಯ ಮಣ್ಣಿಗೆ ಈ ಕಸುಬು ಹೊಸದಲ್ಲ.

ಎರಡನೆಯ ಸುತ್ತಿನ ಹಾಳೆಗಳಲ್ಲಿ ಊರು ಒಳಗೆ ಬರತೊಡಗುತ್ತದೆ. ವಸ್ತುವಾಗಿ ಅವಳು ಆರಿಸಿದ್ದು ಸೋಲಾಪುರಿ ಚಾದರ. 2005–06ರ ಹೊತ್ತಿಗೇ ಜಿಐ ಮಾನ್ಯತೆ ಪಡೆದ ಈ ಹತ್ತಿಯ ಹೊದಿಕೆ ನಮ್ಮಲ್ಲಿ ಎಲ್ಲರ ಮನೆಯಲ್ಲಿದೆ. ಮದುವೆಗೆ, ಸತ್ಕಾರಕ್ಕೆ, ಆಸ್ಪತ್ರೆಗೆ, ಹೊಲದ ಕಾವಲಿಗೆ. ನಾಗಣಸೂರಿನಿಂದ ಸೋಲಾಪುರಕ್ಕೆ ಹೋಗುವ ಬಸ್ಸು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ಹಾಯ್ದೇ ಹೋಗುವುದರಿಂದ ಪವರ್‌ಲೂಮಿನ ಸದ್ದು ಅವಳಿಗೆ ದಿನಾ ಕೇಳುವಂಥದ್ದು. ಅಷ್ಟಾಗಿಯೂ ಅಲ್ಲಿ ಒಳಗೆ ಹೋಗಿ ನೋಡಿದ್ದು ಅದೇ ಮೊದಲು.

ಚಾದರದ ಮೇಲಿನ ಹೂವು, ನವಿಲು, ಅಕ್ಷರ ಯಾವುದೂ ಅಚ್ಚು ಹಾಕಿದ್ದಲ್ಲ, ಬಣ್ಣ ಬಳಿದದ್ದಲ್ಲ. ಜಕಾರ್ಡ್ ಎಂಬ ಜೋಡಣೆ ಹಾಸಿನ ಎಳೆಗಳಲ್ಲಿ ಕೆಲವನ್ನು ಎತ್ತಿ ಕೆಲವನ್ನು ಕೆಳಗೇ ಬಿಟ್ಟು, ನಡುವೆ ಹೊಕ್ಕು ಹಾಯಿಸಿ, ನೇಯುತ್ತಲೇ ಚಿತ್ರ ಮೂಡಿಸುತ್ತದೆ. ಯಾವ ಎಳೆ ಏಳಬೇಕೆಂದು ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡು. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ 19ನೇ ಶತಮಾನದ ಆರಂಭದಲ್ಲಿ ರೂಪಿಸಿದ ಈ ಉಪಾಯದಿಂದಲೇ ಮುಂದೆ ಲೆಕ್ಕದ ಯಂತ್ರಗಳಿಗೆ ತೂತಿನ ಕಾರ್ಡು ಉಣಿಸುವ ಕಲ್ಪನೆ ಬಂತು. ಈಗ ಕಂಪ್ಯೂಟರಿನಿಂದ ನಡೆಯುವ ಜಕಾರ್ಡುಗಳೂ ಇವೆ. ಹಳೆಯದಾಗಲಿ ಹೊಸದಾಗಲಿ, ವಿನ್ಯಾಸ ಮೊದಲು ಗ್ರಾಫಿನ ಮನೆಗಳಲ್ಲಿ ತುಂಬಿ ಬರಬೇಕು. ಒಂದು ಮನೆಗೆ ಎಳೆ ಮೇಲೆ, ಇನ್ನೊಂದು ಮನೆಗೆ ಕೆಳಗೆ. ಅರ್ಧ ಮನೆ ಎಂಬುದಿಲ್ಲ.

ಸೋಲಾಪುರದ ಪೂರ್ವ ಭಾಗದಲ್ಲಿ ತೆಲುಗು ಮನೆಮಾತಿನ ಪದ್ಮಶಾಲಿ ನೇಕಾರರು ಹೆಚ್ಚು. ಅಲ್ಲಿನ ಹಿರಿಯ ಡಿಸೈನ್ ಮಾಸ್ತರರೊಬ್ಬರ ಎದುರು ಇವಳು ತನ್ನ ಕನ್ನಡ ‘ನಾಗಣಸೂರ’ವನ್ನು ಬಿಡಿಸಿ ಇಟ್ಟಳು. ಅವರು ಮರಾಠಿ, ಕನ್ನಡ ಕಲಸಿ ಹೇಳಿದ ಮಾತನ್ನು ಅವಳು ಹಾಳೆಯ ಹಿಂದೆಯೇ ಬರೆದುಕೊಂಡಿದ್ದಾಳೆ: ‘ಗುಂಡ ಗುಂಡ ಅಕ್ಷರ ನೂಲಿಗೆ ಬಗ್ಗೂದಿಲ್ಲವಾ. ಮೆಟ್ಟಿಲ ಮಾಡಿಕೊಂಡು ಬಾ.’

ಇಲ್ಲಿಂದ ಮುಂದಿನ ಹಾಳೆಗಳನ್ನು ನಾನು ಬಹಳ ಹೊತ್ತು ನೋಡಿದೆ. ಅವಳ ಗೆಳತಿಯರು ದೇವನಾಗರಿಯಲ್ಲಿ ತಮ್ಮ ಊರ ಹೆಸರು ಬರೆದು ಬೇಗ ಮುಗಿಸಿದ್ದರು. ದೇವನಾಗರಿಯ ಶಿರೋರೇಖೆ ಅಡ್ಡಕ್ಕೆ ಸೀದಾ ಗೆರೆ, ಅದರಿಂದ ಇಳಿಯುವ ಕಡ್ಡಿಗಳೂ ನೆಟ್ಟಗೆ. ಗ್ರಾಫಿನ ಮನೆಗಳಿಗೆ ಅವು ಹೇಳಿ ಮಾಡಿಸಿದಂತೆ ಕೂರುತ್ತವೆ. ಕನ್ನಡದ ಐದು ಅಕ್ಷರಗಳು ಐದು ಬಗೆಯ ತಕರಾರು ತೆಗೆದವು. ‘ಗ’ ಮತ್ತು ‘ರ’ಗಳಿಗೆ ತಲೆಕಟ್ಟು ಇದೆ, ‘ಣ’ಕ್ಕೆ ಇಲ್ಲ. ‘ನಾ’ದಲ್ಲಿ ತಲೆಕಟ್ಟಿನ ಜಾಗವನ್ನು ದೀರ್ಘ ಹಿಡಿದುಕೊಳ್ಳುತ್ತದೆ. ‘ಸೂ’ ಬಲಕ್ಕೆ ಚಾಚಿ ಇನ್ನೊಂದು ಅಕ್ಷರದಷ್ಟು ಜಾಗ ಬೇಡುತ್ತದೆ. ನಡುವಿನ ‘ಣ’ ಎಲ್ಲಕ್ಕಿಂತ ಅಗಲ, ಅದರ ಒಳಗಿನ ತಿರುವುಗಳು ಕಡಿಮೆ ಮನೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ಕಪ್ಪು ಗುಪ್ಪೆಯಾಗುತ್ತವೆ. ಹಾಳೆ ತುಂಬ ‘ಣ’ಗಳೇ. ಒಂದರ ಹೊಟ್ಟೆ ಮುಚ್ಚಿದೆ, ಒಂದು ನೆಟ್ಟಗಾಗಿ ಇಂಗ್ಲಿಷ್ ಅಕ್ಷರದಂತಾಗಿದೆ, ಒಂದು ಓದಲು ಬರುತ್ತದೆ ಆದರೆ ಪಕ್ಕದ ‘ಗ’ಕ್ಕಿಂತ ದಪ್ಪವಾಗಿ ಕಾಣುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆದಿದ್ದಾಳೆ. ಈ ಸಾಲುಗಳೇ ನನಗೆ ಬಹಳ ಮುಖ್ಯವಾಗಿ ಕಂಡವು. ಬಿಟ್ಟದ್ದಕ್ಕೆ ಕಾರಣ ಹೇಳಬಲ್ಲವಳಿಗೆ ಇಟ್ಟದ್ದಕ್ಕೂ ಕಾರಣ ಇರುತ್ತದೆ.

ಮಾಸ್ತರರು ಹೇಳಿಕೊಟ್ಟ ಇನ್ನೊಂದು ಸಂಗತಿ ಪುಸ್ತಕದಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಬಟ್ಟೆಯಲ್ಲಿ ಒಂದಿಂಚಿಗೆ ಹಾಸಿನ ಎಳೆ ಎಷ್ಟು ಬರುತ್ತವೋ ಹೊಕ್ಕು ಅಷ್ಟೇ ಬರಬೇಕೆಂದಿಲ್ಲ. ಹಾಸು ಒತ್ತಾಗಿ ಹೊಕ್ಕು ವಿರಳವಾಗಿದ್ದರೆ ನೇಯ್ಗೆಯ ಮನೆ ಚೌಕವಾಗಿರದೆ ಉದ್ದವಾಗುತ್ತದೆ. ಚೌಕದ ಗ್ರಾಫಿನಲ್ಲಿ ದುಂಡಗೆ ಕಂಡ ‘ಗ’ ಬಟ್ಟೆಗೆ ಬಂದಾಗ ಮೊಟ್ಟೆಯಂತೆ ಎದ್ದು ನಿಲ್ಲುತ್ತದೆ. ಅದಕ್ಕೇ ಎಳೆಗಳ ಪ್ರಮಾಣ ನೋಡಿ ಗ್ರಾಫಿನ ಮನೆಯನ್ನೇ ಉದ್ದ ಮಾಡಿಕೊಳ್ಳಬೇಕು. ಇದನ್ನು ತಿಳಿದ ದಿನ ಅವಳು ಅಷ್ಟೂ ಅಕ್ಷರಗಳನ್ನು ಬದಿಗಿಟ್ಟು ಹೊಸ ಗ್ರಾಫ್ ಗೆರೆ ಹಾಕಿದಳು.

ಮೆಟ್ಟಿಲಿನಿಂದ ದುಂಡನ್ನು ಹೇಗೆ ತೋರಿಸಬೇಕು? ಉತ್ತರ ಸಿಕ್ಕಿದ್ದು ಮನೆಯ ಟ್ರಂಕಿನಲ್ಲಿ, ಅವಳ ಆಯಿಯ ಇರಕಲ್ ಸೀರೆಯ ಸೆರಗಿನ ಮೇಲಿನ ಕಸೂತಿಯಲ್ಲಿ. ಕಸೂತಿಯೂ ಎಳೆ ಎಣಿಸಿ ಹಾಕುವ ಹೊಲಿಗೆ, ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಆನೆಯ ಬೆನ್ನು, ತೇರಿನ ಕಳಸ, ತುಳಸಿಕಟ್ಟೆ ಎಲ್ಲವೂ ಹಾಗೆ ಮೂಡುತ್ತವೆ. ಅವಳು ಸೆರಗನ್ನು ಹಾಸಿಕೊಂಡು ಆನೆಯ ಬೆನ್ನಿನ ಮೆಟ್ಟಿಲುಗಳನ್ನು ಎಣಿಸಿದಳು. ತಿರುವಿನ ತುದಿಯಲ್ಲಿ ಉದ್ದ ಮೆಟ್ಟಿಲು, ಆಮೇಲೆ ಗಿಡ್ಡ, ಇನ್ನೂ ಗಿಡ್ಡ, ನಡುವೆ ಒಂದೊಂದೇ ಎಳೆ, ಮತ್ತೆ ಅದೇ ಕ್ರಮ ತಿರುಗುಮುರುಗು. ಕಣ್ಣು ಅದನ್ನು ಬಾಗು ಎಂದೇ ಓದುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಅಕ್ಷರಗಳನ್ನು ಚುಕ್ಕಿಗಳಲ್ಲಿ ಮೂಡಿಸಿದವರು ಮಾಡಿದ್ದೂ ಇದೇ ಲೆಕ್ಕ. ನಮ್ಮ ಹೆಣ್ಣುಮಕ್ಕಳು ಅದನ್ನು ಸೂಜಿಯಲ್ಲಿ ಎಂದೋ ಕಂಡುಕೊಂಡಿದ್ದರು. ‘ಆಯೀ, ಇದನ್ನ ಯಾರು ಕಲಿಸಿದ್ರು ನಿನಗ?’ ಎಂದು ಕೇಳಿದರೆ, ‘ಕಲಸೂದೇನ ಬಂತು, ನೋಡಿ ಎಣಿಸೂದು’ ಎಂದಳಂತೆ ಆಯಿ.

ಗವಂತಿ, ಮುರ್ಗಿ ಎರಡೂ ಬಟ್ಟೆಯ ಮುಂದೆ ಹಿಂದೆ ಒಂದೇ ಬಗೆ ಕಾಣುತ್ತವೆ, ಗಂಟು ತೋರುವುದಿಲ್ಲ. ಚಾದರವನ್ನೂ ಮಗ್ಗುಲು ಬದಲಿಸಿ ಹೊದೆಯುತ್ತೇವೆ. ಹಿಂದೆ ಬಣ್ಣ ಅದಲು ಬದಲಾಗಿರುತ್ತದೆ, ಹೂವು ಹೂವಾಗಿಯೇ ಇರುತ್ತದೆ. ಅಕ್ಷರ ಮಾತ್ರ ಹಿಂದಿನಿಂದ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಅವಳು ಇದಕ್ಕೆ ಮೂರು ದಾರಿ ಬರೆದಿದ್ದಾಳೆ. ಹೆಸರನ್ನು ಮುಂಬದಿಗೆಂದೇ ಅಂಚಿನಲ್ಲಿ ಇಡುವುದು, ಒಂದು ಅಂಚಿನಲ್ಲಿ ಸೀದಾ ಇನ್ನೊಂದು ಅಂಚಿನಲ್ಲಿ ತಿರುಗಿಸಿ ನೇಯ್ದು ಎರಡೂ ಮಗ್ಗುಲಿಗೆ ಓದಲು ಬರುವಂತೆ ಮಾಡುವುದು, ಇಲ್ಲವೇ ‘ಣ’ವೊಂದನ್ನೇ ಹೂವಿನಂತೆ ಸಾಲಾಗಿ ಬಳಸಿ ಓದುವ ಹಂಗನ್ನೇ ಬಿಡುವುದು. ಅವಳು ಆರಿಸಿದ್ದು ಎರಡನೆಯದನ್ನು. ನನಗೆ ಮೂರನೆಯದೇ ಚಂದ ಕಂಡಿತ್ತು, ಹೇಳಿದೆ ಕೂಡ. ‘ಊರ ಹೆಸರು ಓದಾಕ ಬರದಿದ್ರ ಏನ್ ಬಂತು ಕಾಕಾ?’ ಎಂದು ಕೇಳಿದಳು. ಅಸೈನ್‌ಮೆಂಟ್ ಅವಳದು, ತೀರ್ಮಾನವೂ ಅವಳದೇ.

ತಿದ್ದಿದ ಅಕ್ಷರಗಳನ್ನು ಹೋಲಿಸಿ ನೋಡಲು ಅವಳು ಹೋದದ್ದು ಅಕ್ಕಲಕೋಟ ಬಸ್ ಸ್ಟ್ಯಾಂಡಿಗೆ. ಕರ್ನಾಟಕದ ಕಡೆಯಿಂದ ಬರುವ ಕೆಲವು ಬಸ್ಸುಗಳ ನೆತ್ತಿಯಲ್ಲಿ ಊರ ಹೆಸರು ಎಲ್‌ಇಡಿ ಚುಕ್ಕಿಗಳಲ್ಲಿ ಬರುತ್ತದೆ. ಅಲ್ಲಿ ಕನ್ನಡ ಅಕ್ಷರವನ್ನು ಎಷ್ಟು ಕಡಿಮೆ ಚುಕ್ಕಿಯಲ್ಲಿ ತೋರಿಸಿದ್ದಾರೆ, ಯಾವುದು ದೂರದಿಂದ ಓದಲು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಸ್ಸು ನಿಂತಷ್ಟು ಹೊತ್ತು ಗ್ರಾಫಿನಲ್ಲಿ ಇಳಿಸಿಕೊಂಡಿದ್ದಾಳೆ. ಬಸ್ಸಿನ ಬೋರ್ಡಿನಲ್ಲಿ ಒತ್ತಕ್ಷರ ಸೋಲುತ್ತದೆ ಎಂಬುದು ಅವಳ ಟಿಪ್ಪಣಿ. ‘ಅಕ್ಕಲಕೋಟ’ದ ‘ಕ್ಕ’ಕ್ಕೆ ಕೆಳಗೆ ಜಾಗ ಬೇಕು, ಆ ಜಾಗ ಕೊಟ್ಟರೆ ಮೇಲಿನ ಅಕ್ಷರ ಕುಗ್ಗುತ್ತದೆ. ನಾಗಣಸೂರದಲ್ಲಿ ಒತ್ತಕ್ಷರವಿಲ್ಲದ್ದು ಅವಳ ಪುಣ್ಯ. ಅಕ್ಕಲಕೋಟದ ಸಹಪಾಠಿಯೊಬ್ಬಳು ತನಗೂ ಕನ್ನಡದಲ್ಲಿ ಮಾಡಿಕೊಡೆಂದು ಕೇಳಿದಾಗ ಇವಳು ಗ್ರಾಫಿನ ಕೆಳಗೆ ಹೊಸ ಸಾಲುಗಳನ್ನು ಸೇರಿಸಿ ಇಡೀ ಅಕ್ಷರಮಾಲೆಯ ಅಳತೆ ಬದಲಿಸಬೇಕಾಯಿತು.

ಕಂಪ್ಯೂಟರಿನ ಕೆಲಸ ಬಂದದ್ದು ಕೊನೆಗೆ. ಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಫ್ಲೆಕ್ಸಿನ ಕೆಲಸವೆಲ್ಲ ಕೋರಲ್‌ಡ್ರಾದಲ್ಲಿ, ಪುಣೆಯ ಶ್ರೀಲಿಪಿ ಫಾಂಟುಗಳಲ್ಲಿ ನಡೆಯುವುದನ್ನು ನೋಡಿ ಬೆಳೆದವಳು ಯೂನಿಕೋಡ್ ಕನ್ನಡವನ್ನು ಇನ್‌ಡಿಸೈನ್‌ಗೆ ತಂದಾಗ ಒತ್ತಕ್ಷರಗಳು ಬಿಡಿ ಬಿಡಿಯಾಗಿ ನಿಂತವು. ಭಾರತೀಯ ಲಿಪಿಗೆ ಬೇರೆಯೇ ಕಂಪೋಸರ್ ಇದೆ, ವರ್ಲ್ಡ್-ರೆಡಿ ಎಂಬುದನ್ನು ಆರಿಸಿಕೊಳ್ಳಬೇಕು. ಅದನ್ನು ತಿಳಿಯದೆ ಎಷ್ಟೋ ಮಕ್ಕಳು ಈ ತಂತ್ರಾಂಶದಲ್ಲಿ ಕನ್ನಡ ಬರುವುದೇ ಇಲ್ಲ ಎಂದು ಕೈಬಿಡುತ್ತಾರೆ. ಗಡಿಭಾಗದ ಕಾಲೇಜುಗಳಲ್ಲಿ ಇದನ್ನು ಮೊದಲ ವಾರದಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಒತ್ತಾಯ.

ಜ್ಯೂರಿಯ ದಿನ ಅವಳು ಬೋರ್ಡಿನ ಪಕ್ಕದಲ್ಲಿ ಈ ಫೈಲನ್ನೂ ಇಟ್ಟಳು. ಬಂದ ಜ್ಯೂರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಬಾಗಿ ಆ ‘ಣ’ಗಳ ಹಾಳೆ, ಕಸೂತಿಯ ಮೆಟ್ಟಿಲೆಣಿಕೆ, ಉದ್ದ ಮನೆಯ ಗ್ರಾಫು ನೋಡಿ ಪ್ರಶ್ನೆ ಕೇಳಿದರು, ಇವಳು ಮರಾಠಿಯಲ್ಲಿ ವಿವರಿಸಿದಳು. ಅಕ್ಷರ ಓದಲಾಗದವರಿಗೂ ಅದನ್ನು ತಿದ್ದಿದ ಬಗೆ ಓದಲಾಯಿತು. ಮಾರ್ಕ್ಸ್ ಎಷ್ಟು ಬಂತೆಂದು ನಾನು ಕೇಳಲಿಲ್ಲ.

ಈಗಿನ ಸೆಮಿಸ್ಟರಿಗೆ ಅವಳು ಕೈ ಹಾಕಿರುವುದು ಇನ್ನೂ ದೊಡ್ಡದಕ್ಕೆ. ಕನ್ನಡದ ವಚನಕಾರ ಸಿದ್ಧರಾಮರು ಸೊನ್ನಲಿಗೆಯ, ಅಂದರೆ ಈಗಿನ ಸೋಲಾಪುರದ, ಸುತ್ತ ಸ್ಥಾಪಿಸಿದರೆಂದು ನಂಬಲಾದ 68 ಲಿಂಗಗಳಿಗೆ ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜಗಳು ಹೋಗುತ್ತವೆ. ಆ ಹಾದಿಯ ನಕ್ಷೆಯನ್ನು ಕನ್ನಡ, ಮರಾಠಿ ಎರಡರಲ್ಲೂ, ಜೇಬಿನಲ್ಲಿ ಮಡಚಿಡುವ ಒಂದೇ ಹಾಳೆಯಲ್ಲಿ ತರಬೇಕು. ಎರಡು ಲಿಪಿಯನ್ನು ಒಂದೇ ಅಳತೆಯಲ್ಲಿ ಹಾಕಿದರೆ ಕಣ್ಣಿಗೆ ಒಂದೇ ಸಮ ಕಾಣುವುದಿಲ್ಲ. ‘ಸಿದ್ಧೇಶ್ವರ’, ‘ಸಮ್ಮತಿ ಕಟ್ಟೆ’ ಎಂಬಲ್ಲಿ ಒತ್ತಕ್ಷರ ಕೆಳಗಿನ ಮರಾಠಿ ಸಾಲಿನ ಶಿರೋರೇಖೆಗೆ ತಾಗುತ್ತದೆ. ಕನ್ನಡವನ್ನು ಕೆಳಗಿಟ್ಟರೆ ತಾಗುವುದಿಲ್ಲ. ಆದರೆ ಈ ಯಾತ್ರೆಯ ನಕ್ಷೆಯಲ್ಲಿ ಕನ್ನಡ ಕೆಳಗೆ ಯಾಕಿರಬೇಕು ಎಂಬುದು ಅವಳ ಪ್ರಶ್ನೆ. ಸದ್ಯಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟು, ನಡುವೆ ಹಾದಿಯ ಗೆರೆ ಎಳೆದು, ಹದಿನಾರು ಬಗೆಯ ಥಂಬ್‌ನೇಲ್ ಮಾಡಿದ್ದಾಳೆ. ಒಂದೊಂದು ಲಿಂಗದ ಹೆಸರನ್ನೂ ಅಲ್ಲಿನ ಪೂಜಾರಿಗಳನ್ನೇ ಕೇಳಿ ಎರಡೂ ಲಿಪಿಯಲ್ಲಿ ಬರೆಸಿಕೊಳ್ಳುವುದು ಮುಂದಿನ ಕೆಲಸ.